ರೋಮಿನ ಕಾಕಾನ ಒಂಬತ್ತು ದಿನ

ಗುಡಗೇರಿ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿ ನಿಂತಂತೆ ಮಾಡಿ ಹೊರಟುಬಿಡುತ್ತದೆ. ಇಳಿಯುವವರು ಇಳಿದರೆ ಸರಿ, ಇಲ್ಲದಿದ್ದರೆ ಅವರ ಹಣೆಬರಹ. ಅಷ್ಟರಲ್ಲೇ ಅನ್ನಪೂರ್ಣಾ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಎದೆಗವಚಿಕೊಂಡ ಚೀಲ ಹಿಡಿದು ಪ್ಲಾಟ್‌ಫಾರ್ಮಿಗೆ ಇಳಿದಳು. ಸೂಟ್‌ಕೇಸು ನೆಲಕ್ಕೆ ಬಡಿದು ಅದರ ಒಂದು ಗಾಲಿ ಕಿತ್ತು ಹೋಯಿತು. ಅವಳು ತಿರುಗಿಯೂ ನೋಡಲಿಲ್ಲ. ಚೀಲದೊಳಗಿನ ಪುಸ್ತಕಕ್ಕೆ ಮುಕ್ಕಾಗದಿದ್ದರೆ ಸಾಕಾಗಿತ್ತು. ಕೆಂಪು ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ನೂರಾ ನಲವತ್ತು ಪುಟ. ಮುಂಬೈಯ ವಿಶ್ವವಿದ್ಯಾಲಯಕ್ಕೆ ಅವಳು ಸಲ್ಲಿಸಿದ ಎಂ.ಎ. ಪ್ರಬಂಧದ ಇನ್ನೊಂದು ಪ್ರತಿ ಅದು. ಅಪ್ಪನಿಗೆ ತೋರಿಸಲು ತಂದಿದ್ದಳು. ಸೋಮವಾರ ಮತ್ತೆ ಮುಂಬೈಯಲ್ಲಿ ಮೌಖಿಕ ಪರೀಕ್ಷೆ.

ಭರಮಪ್ಪನ ಮಗಳು ಲ್ಯಾಟಿನ್ ಕಲಿಯಲು ಹೋಗಿದ್ದಾಳೆ ಎಂಬ ಸುದ್ದಿ ಕುಬಿಹಾಳದಲ್ಲಿ ಹಬ್ಬಿದಾಗ ಊರವರು ತಲೆಗೊಂದು ಅರ್ಥ ಮಾಡಿದ್ದರು. ಡಾಕ್ಟರಿಕೆಯ ಔಷಧದ ಹೆಸರೆಲ್ಲ ಅದರಲ್ಲೇ ಇರುತ್ತವಂತೆ ಅಂದರು ಕೆಲವರು. ಪಾದ್ರಿಗಳ ಭಾಷೆ, ಹುಡುಗಿ ಕೈತಪ್ಪಿದಳು ಅಂದರು ಇನ್ನು ಕೆಲವರು. ಅವಳ ಅಜ್ಜಿ ಮೈಲಾರವ್ವ ಮಾತ್ರ ನೇರವಾಗಿ ಮೊಮ್ಮಗಳನ್ನೇ ಕೇಳಿದ್ದಳು, ಅದನ್ನು ಮಾತಾಡುವವರು ಯಾವ ಊರಲ್ಲಿ ಇದ್ದಾರೆ ಎಂದು. ಈಗ ಯಾರೂ ಮಾತಾಡುವುದಿಲ್ಲ, ಎಲ್ಲ ಸತ್ತು ಸಾವಿರಾರು ವರ್ಷವಾಯಿತು ಅಂದಾಗ ಮುದುಕಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಹಂಗಾರ ನೀ ತಪ್ಪ ಮಾತಾಡಿದ್ರ ಬೈಯ್ಯಾಕ ಯಾರೂ ಇಲ್ಲನ್ನು. ಚಲೋ ಆತು" ಅಂದಿದ್ದಳು.

ಧಾರವಾಡದಲ್ಲಿ ಬಿ.ಎ. ಓದುವಾಗ ಒಬ್ಬ ಮೇಷ್ಟ್ರು ಹಳೆಯ ರೋಮನ್ ನಾಣ್ಯವೊಂದರ ಚಿತ್ರ ತೋರಿಸಿ, ಅದರ ಅಂಚಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿದ್ದರು. ಅಲ್ಲಿಂದ ಶುರುವಾದ ಹುಚ್ಚು ಅವಳನ್ನು ಮುಂಬೈಗೆ ಒಯ್ದಿತ್ತು. ಎರಡು ಕೋಣೆಯ ವಿಭಾಗ, ಇಬ್ಬರು ಕಲಿಸುವವರು, ಐದು ಜನ ಕಲಿಯುವವರು. ಉಳಿದ ನಾಲ್ವರೂ ಕಾನ್ವೆಂಟಿನಲ್ಲಿ ಓದಿದವರು. ಶಬ್ದಕೋಶವನ್ನು ತಲೆದಿಂಬು ಮಾಡಿಕೊಂಡು ಮಲಗಿದರೂ ಅನ್ನಪೂರ್ಣಾ ಮೊದಲ ವರ್ಷ ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು.

ಎರಡನೆಯ ವರ್ಷ ಒಂದು ಪುಸ್ತಕ ಅವಳ ಕೈಗೆ ಬಂತು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಕಡೆಯ ಯಾರೋ ಒಬ್ಬ ಕುರಿ ಸಾಕುವುದರ ಬಗ್ಗೆ ಬರೆದಿದ್ದ ಪುಸ್ತಕ. ಕವಿತೆಯಿಲ್ಲ, ಯುದ್ಧವಿಲ್ಲ, ದೊಡ್ಡವರ ಭಾಷಣವಿಲ್ಲ. ಬರೀ ಕುರಿ. ಉಳಿದ ವಿದ್ಯಾರ್ಥಿಗಳು ಮೂಗು ಮುರಿದರು. ಅನ್ನಪೂರ್ಣಾಳಿಗೆ ಮಾತ್ರ ತವರಿನಿಂದ ಯಾರೋ ಬಂದು ಬಾಗಿಲು ತಟ್ಟಿದಂತಾಯಿತು.

ಅಂದು ಸಂಜೆಯೇ ಅಪ್ಪನಿಗೆ ಫೋನು ಹಚ್ಚಿ ಒಂದು ಪುಟವನ್ನು ಮನೆಯ ಮಾತಿಗೆ ತಿರುಗಿಸಿ ಓದಿದ್ದಳು. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಹೇಗೆ ಒಗ್ಗಿಸಬೇಕು ಎಂಬ ಪುಟ. ಭರಮಪ್ಪ ಶಾಲೆಯ ಮುಖ ಕಂಡವನಲ್ಲ, ತೊಂಬತ್ತಾರು ಕುರಿ ಬಿಟ್ಟು ಬೇರೆ ಆಸ್ತಿ ಇದ್ದವನೂ ಅಲ್ಲ. ಹೆಂಡತಿ ಹೋದ ಮೇಲೆ ಮಗಳು, ಮುದಿ ತಾಯಿ, ಹಿಂಡು, ಇಷ್ಟೇ ಅವನ ಸಂಸಾರ. ಪೂರ್ತಿ ಕೇಳಿದವನೇ ಅವನು ಫೋನಿನಲ್ಲಿ ನಕ್ಕಿದ್ದ. ಬರೆದವನು ಕುರಿ ಕಾದವನೇ ಸೈ, ಕೂತಲ್ಲಿ ಕೂತು ಬರೆದದ್ದಲ್ಲ ಎಂದು ತೀರ್ಪು ಕೊಟ್ಟಿದ್ದ.

ಆಮೇಲೆ ದಿನಾ ಸಂಜೆ ಏಳಕ್ಕೆ ಅದೇ ಕೆಲಸವಾಯಿತು. ಅವಳು ಓದುವುದು, ಅವನು ಹೂಂಗುಡುವುದು. ಬರೆದವನಿಗೆ ಮನೆಯಲ್ಲಿ 'ರೋಮಿನ ಕಾಕಾ' ಎಂದು ಹೆಸರೂ ಬಿತ್ತು. ಇವತ್ತು ಕಾಕಾ ಏನಂತಾನೆ ಎಂದು ಭರಮಪ್ಪನೇ ಮೊದಲು ಕೇಳುತ್ತಿದ್ದ. ಒಮ್ಮೆ, ಹಾಗೆ ಯಾವ ಕುರಿಗಾರನೂ ಬರೆಯುವುದಿಲ್ಲ, ಎಲ್ಲೋ ನೀನೇ ಎಡವಿದ್ದೀ ನೋಡು ಎಂದು ಹಟ ಹಿಡಿದ. ನೋಡಿದರೆ ಅವಳು ನಡುವಿನ ಒಂದು ಸಾಲನ್ನೇ ಬಿಟ್ಟು ಓದಿದ್ದಳು. ಮರುದಿನ ಕ್ಲಾಸಿನಲ್ಲಿ ಅದನ್ನು ಹೇಳಿದಾಗ ಅವಳ ಗೈಡ್ ಮೇಡಂ, ಎಪ್ಪತ್ತರ ಹತ್ತಿರದ ಬಿಗಿ ಹೆಂಗಸು, ಕನ್ನಡಕ ತೆಗೆದು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ್ದರು.

ಪ್ರಬಂಧ ಹುಟ್ಟಿದ್ದು ಹಾಗೆ. ಆ ಪುಸ್ತಕವನ್ನು ಅಲ್ಲಿಂದಿಲ್ಲಿಂದ ನಕಲು ಹೊಡೆದು ಬರೆದದ್ದು ಎಂದು ದೊಡ್ಡ ದೊಡ್ಡ ಪಂಡಿತರು ತಳ್ಳಿಹಾಕಿದ್ದರು. ಅನ್ನಪೂರ್ಣಾ ಅದಕ್ಕೆ ಎದುರು ನಿಂತಳು. ಇವನು ಸ್ವತಃ ಕುರಿ ಸಾಕಿದವನು, ಪ್ರತಿ ಮಾತನ್ನೂ ಕೈಯಾರೆ ಮಾಡಿ ನೋಡಿ ಬರೆದಿದ್ದಾನೆ ಎಂಬುದು ಅವಳ ವಾದ. ಸಾಕ್ಷಿ ಯಾರೆಂದರೆ ಕುಬಿಹಾಳದ ಭರಮಪ್ಪ. ಪುಟಪುಟಕ್ಕೂ ಅಡಿಟಿಪ್ಪಣಿಯಲ್ಲಿ ಅವನ ಹೆಸರು. ವಾದ ನಿಂತರೆ ವಿಭಾಗದಲ್ಲಿದ್ದ ಒಂದೇ ಒಂದು ಪಿಎಚ್‌ಡಿ ಸೀಟು ಅವಳದು ಎಂದು ಮೇಡಂ ಬಾಯಿಬಿಟ್ಟು ಹೇಳಿದ್ದರು.

ಕೊನೆಯಲ್ಲಿ ಒಂದು ಪುಟ ಅಡ್ಡ ಬಂತು. ಕುರಿಗಳಿಗೆ ಸಿಡುಬು ಬಿದ್ದಾಗ ಏನು ಮಾಡಬೇಕು ಎಂಬ ಪುಟ. ಮೊದಲು ರೋಗ ಹತ್ತಿದ ಕುರಿಯನ್ನು ಹಟ್ಟಿಯ ಬಾಗಿಲಲ್ಲೇ ಕಟ್ಟು. ಹಿಂಡೆಲ್ಲ ಬೆಳಿಗ್ಗೆ ಸಂಜೆ ಅದರ ಮೈಗೆ ಮೈ ತಾಗಿಸಿಕೊಂಡೇ ದಾಟಲಿ. ಹಟ್ಟಿಯನ್ನು ಕಿತ್ತು ಬೇರೆ ಕಡೆ ಹಾಕಬೇಡ. ಹೀಗೆ ಒಂಬತ್ತು ದಿನ ಮಾಡಿದರೆ ಹಿಂಡಿನ ರೋಗವನ್ನೆಲ್ಲ ಆ ಒಂದು ಕುರಿ ಹೀರಿಕೊಳ್ಳುತ್ತದೆ, ಆಮೇಲೆ ಅದನ್ನು ಬಾಗಿಲಲ್ಲೇ ಹೂಳು. ಹೀಗೆ ಬರೆದಿತ್ತು. ಮೇಡಂ ಆ ಪುಟದ ಮೇಲೆ ಬೆರಳಿಟ್ಟು, ಇದು ಬರೀ ಮೂಢನಂಬಿಕೆ ಅಂತಾದರೆ ಇವನು ಕೈಯಾರೆ ಮಾಡಿ ನೋಡಿದವನು ಎನ್ನುವ ನಿನ್ನ ವಾದ ಅಲ್ಲಿಗೇ ಬಿತ್ತು ಅಂದರು. ಇದರಲ್ಲಿ ಏನೋ ಇದೆ ಎಂದು ಇವತ್ತಿನ ಒಬ್ಬ ಕುರಿಗಾರ ಹೇಳಿದರೂ ಸಾಕು, ವಾದಕ್ಕೆ ಊರುಗೋಲು ಸಿಕ್ಕಂತೆ ಎಂದೂ ಸೇರಿಸಿದರು.

ಆ ಪುಟವನ್ನು ಓದಿದ ಸಂಜೆ ಭರಮಪ್ಪ ಹೂಂಗುಡಲಿಲ್ಲ. ತನಗೆ ಗೊತ್ತಿಲ್ಲ ಅಂದ. ಅವನು ಹಾಗೆ ಅಂದದ್ದು ಅದೇ ಮೊದಲು. ಅನ್ನಪೂರ್ಣಾಳಿಗೆ ಸಿಟ್ಟು ಬಂತೋ ಅಳು ಬಂತೋ, ಅವಳಿಗೇ ತಿಳಿಯಲಿಲ್ಲ. "ನಿನಗ ಗೊತ್ತಿಲ್ಲಂದ್ರ ನನ್ನ ಬರವಣಿಗಿ ಅಲ್ಲಿಗೇ ನಿಂತಂಗ, ಯಪ್ಪಾ" ಅಂದುಬಿಟ್ಟಳು. ಅಂದವಳು ಹಾಸ್ಟೆಲಿನ ಊಟಕ್ಕೆ ತಡವಾಯಿತೆಂದು ಫೋನಿಟ್ಟು ಹೋದಳು. ಕೇಳಿಸಿಕೊಂಡವನು ಆ ಮಾತನ್ನು ಎಲ್ಲಿಟ್ಟುಕೊಂಡ ಎಂದು ಅವಳು ಯೋಚಿಸಲಿಲ್ಲ.

ಎಂಟು ಹತ್ತು ದಿನದ ಮೇಲೆ, ಒಂದು ಭಾನುವಾರ, ಅವನೇ ಫೋನು ಮಾಡಿದ. ಇನ್ನು ಒಂಬತ್ತು ದಿನ ಫೋನು ಮಾಡಬೇಡ, ನಿನ್ನ ಪ್ರಶ್ನೆಗೆ ಉತ್ತರ ನಾನೇ ಹೇಳುತ್ತೇನೆ ಅಂದ. ಹಳೆಯ ಕುರಿಗಾರರನ್ನು ಹುಡುಕಿಕೊಂಡು ಸುತ್ತಲಿನ ಊರಿಗೆ ಹೊರಟಿರಬೇಕು ಎಂದು ಅವಳು ತಿಳಿದಳು. ಖರೆ ಹೇಳಬೇಕೆಂದರೆ ಅವಳಿಗೆ ಹಗುರೂ ಆಯಿತು. ದಿನಾ ಸಂಜೆಯ ಒಂದು ತಾಸು ಉಳಿಯಿತಲ್ಲ.

ಆ ಶುಕ್ರವಾರವೇ ಪ್ರಬಂಧ ಕೊಡುವ ಕೊನೆಯ ದಿನ. ಉತ್ತರ ಬಂದಿರಲಿಲ್ಲ. ಒಂದು ಫೋನು ಮಾಡಬಹುದಿತ್ತು. ಮಾಡಿದರೆ ಅವನು ಮತ್ತೆ ಗೊತ್ತಿಲ್ಲ ಅಂದಾನು ಎಂಬ ಭಯಕ್ಕೆ ಮಾಡಲಿಲ್ಲ. ನೂರಾ ಹನ್ನೆರಡನೆಯ ಪುಟದಲ್ಲಿ ಅವಳೇ ಒಂದು ಸಾಲು ಬರೆದಳು. ಈ ಉಪಾಯ ನಿಜವೆಂದು, ತಾನು ಅದನ್ನು ಕಂಡಿದ್ದೇನೆಂದು ಕುಬಿಹಾಳದ ಅನುಭವಿ ಕುರಿಗಾರ ಭರಮಪ್ಪ ಹೇಳುತ್ತಾನೆ, ಎಂದು. ಹೇಗೂ ಒಂಬತ್ತು ದಿನ ಕಳೆದರೆ ಅಪ್ಪ ಇದನ್ನೇ ಹೇಳುತ್ತಾನೆ, ನಾನು ನಾಲ್ಕು ದಿನ ಮೊದಲು ಬರೆದೆ ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂಬತ್ತು ದಿನ ಕಳೆದ ಮೇಲೆ ಫೋನು ಹಚ್ಚಿದಾಗ, ಫೋನಿನಲ್ಲಿ ಹೇಳುವ ಮಾತಲ್ಲ, ಬಂದಾಗ ಹೇಳುತ್ತೇನೆ ಅಂದ ಅವನು. ನಾನು ಬರೆದ ಪುಸ್ತಕ ತರುತ್ತೇನೆ ಅಂದಳು ಇವಳು. ಅದರ ಒಂದು ಪ್ರತಿಯನ್ನು ಆಗಲೇ ಪರೀಕ್ಷೆಗೆ ಕೊಟ್ಟಾಗಿದೆ ಎಂದು ಮಾತ್ರ ಹೇಳಲಿಲ್ಲ.

ಸ್ಟೇಶನ್ನಿನ ಹೊರಗೆ ಯಲ್ಲಪ್ಪನ ಟಂಟಂ ರಿಕ್ಷಾ ನಿಂತಿತ್ತು. ಯಲ್ಲಪ್ಪ ಊರಿನವನೇ, ಬಾಯಿಗೆ ಬೀಗವಿಲ್ಲದ ಮನುಷ್ಯ, ಗುಡಗೇರಿಯಿಂದ ಕುಬಿಹಾಳದವರೆಗೆ ಇಡೀ ತಾಲ್ಲೂಕಿನ ಸುದ್ದಿ ಹೇಳುವವನು. ಇವತ್ತು ಸೂಟ್‌ಕೇಸು ಎತ್ತಿಟ್ಟವನೇ ಸುಮ್ಮನೆ ಗಾಡಿ ಹೊಡೆದ. ಅಪ್ಪ ಈಗ ಯಾರ ಹೊಲದಲ್ಲಿ ಹಟ್ಟಿ ಹಾಕಿದ್ದಾನೆ ಎಂದು ಅವಳೇ ಕೇಳಬೇಕಾಯಿತು. ಕಡಲೆ ಕಿತ್ತ ಮೇಲೆ ಗೊಬ್ಬರಕ್ಕೆಂದು ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಕೂಡಿಹಾಕುವ ಕಾಲ. ಈರಬಸಪ್ಪ ಗೌಡರ ಹೊಲದಲ್ಲಿ ಎಂದ ಯಲ್ಲಪ್ಪ, ತಿರುಗದೆಯೇ. ಫೋನಿನಲ್ಲಿ ಅವನು ಆ ಹೊಲದ ಹೆಸರು ಹೇಳಿ ತಿಂಗಳಾಗುತ್ತ ಬಂತು, ಇನ್ನೂ ಅಲ್ಲೇ ಇದ್ದಾನೆಯೇ ಎಂದು ಅವಳು ಆಶ್ಚರ್ಯಪಟ್ಟಳು. ಒಂದು ಹೊಲದಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಹಟ್ಟಿ ನಿಲ್ಲುವುದಿಲ್ಲ. "ಹೋಗಿ ನೋಡವ್ವಾ" ಅಂದ ಯಲ್ಲಪ್ಪ. ಬಾಡಿಗೆ ಕೊಡಹೋದರೆ ತೆಗೆದುಕೊಳ್ಳಲೂ ಇಲ್ಲ.

ಬದುವಿನ ಮೇಲೆ ಹತ್ತು ಹೆಜ್ಜೆ ಹಾಕಿದಾಗ ಮೊದಲು ಮೂಗಿಗೆ ತಿಳಿಯಿತು. ಸುಣ್ಣದ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಅವಳನ್ನು ಕಂಡರೆ ಅರ್ಧ ಹೊಲ ಓಡಿ ಬರುವ ನಾಯಿಗಳು ಕೂತಲ್ಲಿಂದ ಬಾಲ ಅಲ್ಲಾಡಿಸಿದವು. ಆಮೇಲೆ ಹಟ್ಟಿ ಕಂಡಿತು. ಬಲೆಯ ಸುತ್ತಳತೆ ಮೊದಲಿನಷ್ಟೇ ಇತ್ತು, ಒಳಗೆ ಕುರಿ ಇರಲಿಲ್ಲ. ಇದ್ದವು, ಆದರೆ ಮೂಲೆಯಲ್ಲಿ ಒಂದು ಗುಂಪು ಅಷ್ಟೇ. ಮುಖ ಊದಿಕೊಂಡು, ಕಣ್ಣು ಪಿಸುರುಗಟ್ಟಿ, ತುಟಿ ಕಿವಿಗಳ ಮೇಲೆ ಗುಳ್ಳೆ ಎದ್ದು ನಿಂತಿದ್ದವು. ಮರಿಗಳು ಒಂದೂ ಕಾಣಲಿಲ್ಲ. ಹೊಲದ ಆಚೆ ತುದಿಗೆ ಜೆಸಿಬಿ ತೆಗೆದ ಉದ್ದನೆಯ ಗುಂಡಿ, ಅದರ ಮೇಲೆ ಬೆಳ್ಳಗೆ ಸುಣ್ಣ. ಹಟ್ಟಿಯ ಬಾಗಿಲಲ್ಲಿ, ಎಲ್ಲವೂ ತುಳಿದು ದಾಟುವ ಜಾಗದಲ್ಲಿ, ಮಣ್ಣಿನ ಒಂದು ಸಣ್ಣ ದಿಬ್ಬ.

ಆ ದಿಬ್ಬ ಕಂಡದ್ದೇ ತಡ, ಅನ್ನಪೂರ್ಣಾ ಅಲ್ಲೇ ನಿಂತಳು. ಆ ದಿಬ್ಬ ಅವಳಿಗೆ ಗೊತ್ತಿತ್ತು. ಲ್ಯಾಟಿನ್ನಿನಲ್ಲಿ ಗೊತ್ತಿತ್ತು, ಇಂಗ್ಲಿಷಿನಲ್ಲಿ ಗೊತ್ತಿತ್ತು, ಮನೆಯ ಮಾತಿನಲ್ಲಿ ತಾನೇ ಓದಿ ಹೇಳಿದ್ದಳು. ಎರಡು ಸಾವಿರ ವರ್ಷದ ಹಿಂದಿನ ಒಂದು ಪುಟ ಈರಬಸಪ್ಪ ಗೌಡರ ಕಡಲೆ ಹೊಲದಲ್ಲಿ ಮಣ್ಣಾಗಿ ಎದ್ದು ಕೂತಿತ್ತು. ಚೀಲವನ್ನು ಇನ್ನೂ ಎದೆಗೇ ಹಿಡಿದಿದ್ದಳು.

ಬಾಗಿಲ ಬಾಜು ಕಂಬಳಿಯ ಮೇಲೆ ಮೈಲಾರವ್ವ ಕೂತಿದ್ದಳು. ಮೊಮ್ಮಗಳು ಬಂದರೆ ದೃಷ್ಟಿ ನಿವಾಳಿಸದೆ ಒಳಗೆ ಬಿಡದ ಮುದುಕಿ ಎದ್ದೇಳಲಿಲ್ಲ.

"ನಿಮ್ಮ ಕಾಕಾ ಬಂದಿದ್ದ ನೋಡು" ಅಂದಳು. "ನಲವತ್ತೊಂದ ತಿಂದ ಹ್ವಾದ."

ಹಟ್ಟಿಯೊಳಗೆ ಸೂಜಿಮದ್ದು ಮಾಡುತ್ತಿದ್ದ ಡಾಕ್ಟರು ತಲೆ ಎತ್ತಿದರು. ತಬಸುಮ್ ಎಂದು, ತಾಲ್ಲೂಕಿನ ಪಶುವೈದ್ಯೆ, ಮೊಣಕಾಲವರೆಗೆ ಗಂಬೂಟು. ಹತ್ತು ದಿನದಿಂದ ದಿನಾ ಬರುತ್ತಿದ್ದರಂತೆ. ಸುತ್ತಲಿನ ಹಿಂಡುಗಳಿಗೆಲ್ಲ ಲಸಿಕೆ ಹಾಕಿ ರೋಗ ಆಚೆ ಹೋಗದಂತೆ ತಡೆದಿದ್ದರು. ಇದೊಂದು ಹಿಂಡು ಮಾತ್ರ ತಮ್ಮನ್ನು ಕರೆಯುವುದರೊಳಗೇ ಕೈಮೀರಿತ್ತು ಎಂದು ಹೇಳಿದರು. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಆಮೇಲೆ ಕೈಗವಸು ಕಳಚುತ್ತ ಅನ್ನಪೂರ್ಣಾಳ ಹತ್ತಿರ ಬಂದು ನಿಂತರು.

"ಮೊದಲನೇದಕ್ಕ ಬಂದಾಗ ಅದನ್ನ ಬ್ಯಾರೆ ಕಟ್ಟಿದ್ರ ಇಷ್ಟ ಹೋಗ್ತಿರಲಿಲ್ಲರಿ. ಎಲ್ಲಾ ಕುರೀನೂ ತಂದು ತಂದು ಅದರ ಮೈಗೆ ತಿಕ್ಕಿಸ್ಯಾರ. ನಿಮ್ಮ ಆಯಿ ಅಂತಾರ, ಪುಸ್ತಕದಾಗ ಹಂಗ ಬರದದ ಅಂತ. ಯಾವ ಪುಸ್ತಕರಿ ಅದು?"

ಅನ್ನಪೂರ್ಣಾಳಿಗೆ ಪುಸ್ತಕದ ಹೆಸರು ಬಾಯಿಗೆ ಬರಲಿಲ್ಲ. ವರ್ಷವಿಡೀ ನಿದ್ದೆಗಣ್ಣಿನಲ್ಲೂ ಒಪ್ಪಿಸುತ್ತಿದ್ದ ಹೆಸರು ಅದು. ಡಾಕ್ಟರು ಮತ್ತೆ ಒಳಗೆ ಹೋದರು. ಬದುವಿನ ಮೇಲೆ ನಿಂತಿದ್ದ ಈರಬಸಪ್ಪ ಗೌಡರು ಹೆಗಲ ಮೇಲಿನ ಟವೆಲನ್ನು ಮೂಗಿಗೆ ಹಿಡಿದುಕೊಂಡಿದ್ದರು. ಮೂವತ್ತು ವರ್ಷದಿಂದ ಭರಮಪ್ಪನ ಹಟ್ಟಿಯನ್ನೇ ತಮ್ಮ ಹೊಲಕ್ಕೆ ಹಾಕಿಸುತ್ತ ಬಂದವರು. ಕುರಿಗೆ ಶೀತವಾದರೂ ನಾಲ್ಕು ಹೊಲದಾಚೆ ಒಯ್ದು ಬೇರೆ ಕಟ್ಟುವ ಮನುಷ್ಯ ಈ ಸಲ ಹೀಗೇಕೆ ಮಾಡಿದನೋ, ಹಟ್ಟಿ ಕೀಳು ಎಂದು ತಾವೇ ನಾಲ್ಕು ಸಲ ಹೇಳಿದರೂ ಕೇಳಲಿಲ್ಲ ಎಂದು ಅವರು ಅವಳಿಗೇ ದೂರು ಹೇಳಿದರು.

ಭರಮಪ್ಪ ಹಟ್ಟಿಯ ಹಿಂದೆ ಕೂತಿದ್ದ. ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ನೀರಿನಲ್ಲಿ ಅದರ ಕಣ್ಣು ಒರೆಸುತ್ತಿದ್ದ. ಅವಳು ಅವನನ್ನು ನೋಡಿ ಎರಡು ತಿಂಗಳಾಗಿತ್ತು, ಅಷ್ಟರಲ್ಲಿ ಹತ್ತು ವರ್ಷ ಮುದುಕನಾಗಿದ್ದ. ಮಗಳನ್ನು ಕಂಡು, ಗಾಡಿಯಲ್ಲಿ ಕೂಡಲು ಜಾಗ ಸಿಕ್ಕಿತ್ತೋ ಇಲ್ಲವೋ ಎಂದು ಕೇಳಿದ. ಅವನ ಆ ಒಂದು ಮಾತಿಗೆ ಅನ್ನಪೂರ್ಣಾಳೊಳಗೆ ಹೆಪ್ಪುಗಟ್ಟಿದ್ದದ್ದೆಲ್ಲ ಸಿಟ್ಟಾಗಿ ಹೊರಗೆ ಬಂತು. ಸಿಟ್ಟು ಅನ್ನುವುದಕ್ಕಿಂತ ಹೆದರಿಕೆ ಅನ್ನಬೇಕು. ಹೆದರಿದವರು ಎದುರಿಗಿದ್ದವರ ಮೇಲೆಯೇ ಹರಿಹಾಯುತ್ತಾರೆ.

ಅದನ್ನು ಮಾಡು ಎಂದು ನಾನು ಹೇಳಿದ್ದೆನೇ ಎಂದು ಕೇಳಿದಳು. ಯಾವುದೋ ಕಾಲದ ಯಾವನೋ ಬರೆದದ್ದು, ಅವನಿಗೆ ಜ್ವರ ಯಾಕೆ ಬರುತ್ತದೆ ಅನ್ನುವುದೂ ಗೊತ್ತಿರಲಿಲ್ಲ, ನಾನು ಕೇಳಿದ್ದು ಒಂದು ಮಾತು, ಹೌದೋ ಅಲ್ಲವೋ ಎಂದು ಅಷ್ಟೇ. ಮಾತು ಮೇಲೇರಿ ದನಿ ಒಡೆಯಿತು.

"ಅಂವಾ ಬರದಾನಂತ ನೀ ನಂಬಿಬಿಟ್ಟಿ, ಯಪ್ಪಾ?"

ಭರಮಪ್ಪ ಕುರಿಯ ಎರಡನೆಯ ಕಣ್ಣನ್ನೂ ಒರೆಸಿ ಮುಗಿಸಿದ. ಅದರ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ.

"ನಂಬಿರಲಿಲ್ಲವಾ" ಅಂದ. "ಬ್ಯಾನಿ ಬಿದ್ದದ್ದನ್ನ ಬ್ಯಾರೆ ಕಟ್ಟಬೇಕು, ಹಟ್ಟಿ ಕಿತ್ತು ದೂರ ಹಾಕಬೇಕು ಅಂತ ನಮ್ಮಪ್ಪ ಕಲಿಸ್ಯಾನ. ನಾ ಹುಟ್ಟಿದಾಗಿಂದ ಹಂಗ ಮಾಡೇನಿ. ಇನ್ನೊಂದ ನಮೂನಿ ಮಾಡಿದ್ರ ಏನ ಆಗತೈತಿ, ನಾ ಎಂದೂ ನೋಡಿಲ್ಲ. ನೀ ಕೇಳಿದ್ದು ಅದನ್ನ. ನೋಡಲಾರದ್ದನ್ನ ಹೌದು ಅಂತ ಹೆಂಗ ಹೇಳಲಿ? ಅಲ್ಲ ಅಂತನೂ ಹೆಂಗ ಹೇಳಲಿ?"

ಅನ್ನಪೂರ್ಣಾ ಕೇಳುತ್ತ ನಿಂತಳು. ಅವನು ತನ್ನ ರೀತಿಯಲ್ಲಿ ಸಾವಕಾಶ ಹೇಳಿದ. ಅವಳು ಕೇಳಿದ ಮರುವಾರವೇ ಒಂದು ಬೋಳು ಕುರಿಗೆ ಜ್ವರ ಬಂದು ಗುಳ್ಳೆ ಎದ್ದಿತ್ತು. ಬೇರೆ ಕಟ್ಟಲು ಹಗ್ಗವನ್ನೂ ಹಾಕಿದ್ದ. ಆಗ ಅವಳ ಮಾತು ನೆನಪಾಯಿತು, ಬರವಣಿಗೆ ನಿಂತಂತೆ ಅಂದದ್ದು. ಮಗಳು ಇಷ್ಟು ವರ್ಷದಲ್ಲಿ ತನ್ನನ್ನು ಒಂದು ಪುಸ್ತಕ ಕೇಳಿರಲಿಲ್ಲ, ಒಂದು ಸೀರೆ ಕೇಳಿರಲಿಲ್ಲ, ಕೇಳಿದ್ದು ಬರೀ ಕುರಿಯ ಸುದ್ದಿ. ತನಗೆ ಕೊಡಲು ಬರುವಂಥದ್ದು ಅದೊಂದೇ. ಕಾಕಾನೂ ಇಷ್ಟು ದಿನ ಹೇಳಿದ್ದೆಲ್ಲ ಖರೆಯೇ ಹೇಳಿದ್ದ, ಇದೂ ಒಂದು ವೇಳೆ ಖರೆ ಇದ್ದರೆ ಎಂದು ಅರೆಮನಸ್ಸಿನ ಆಸೆಯೂ ಇತ್ತು. ಅದಕ್ಕೆ ಹಗ್ಗವನ್ನು ತಂದು ಬಾಗಿಲಿಗೇ ಕಟ್ಟಿದ. ಆಯಿ ಮೈಲಾರವ್ವ ಶಾಪ ಹಾಕಿದಳು, ಮೂರು ದಿನ ಅವನ ಕೈಯಿಂದ ನೀರು ಕುಡಿಯಲಿಲ್ಲ. ಒಂಬತ್ತು ದಿನ ಅಂತ ಪುಸ್ತಕದಲ್ಲಿ ಇದ್ದುದರಿಂದ ಒಂಬತ್ತು ದಿನ ನೋಡಿದ. ನಡುವೆ ಬಿಟ್ಟರೆ ಕಾಕಾನ ಮಾತು ಪೂರ್ತಿ ನೋಡಿದಂತಾಗುವುದಿಲ್ಲ, ಮುಂಬೈಯ ಮೇಡಂ ಒಪ್ಪುವುದಿಲ್ಲ ಎಂಬುದು ಅವನ ಲೆಕ್ಕ.

ಅವನು ಸೊಂಟದ ಚೀಲದಿಂದ ಒಂದು ಬಿಳಿ ಉಣ್ಣೆಯ ಹುರಿ ತೆಗೆದ. ಅಕ್ಷರ ಬಾರದ ಭರಮಪ್ಪ ಮರಿ ಹುಟ್ಟಿದ್ದು, ಕುರಿ ಕಳೆದದ್ದು ಎಲ್ಲವನ್ನೂ ಹೀಗೆ ಹುರಿಗೆ ಗಂಟು ಹಾಕಿ ನೆನಪಿಡುವವನು. ಉಣ್ಣೆ ನೂಲುವ ಕದರು ತಿರುಗಿಸುತ್ತ ಹಿಂಡಿನ ಹಿಂದೆ ನಡೆಯುವಾಗ ಗಂಟು ಬೀಳುತ್ತಿತ್ತು. ಈ ಹುರಿಗೆ ಒಂಬತ್ತು ದೊಡ್ಡ ಗಂಟು ಇದ್ದವು. ದೊಡ್ಡ ಗಂಟಿಗೊಂದು ದಿನ, ಅದರ ಮಗ್ಗುಲಲ್ಲಿ ಆ ದಿನ ಎಷ್ಟು ಕುರಿಗೆ ರೋಗ ಬಿತ್ತೋ ಅಷ್ಟು ಕರಿ ಉಣ್ಣೆಯ ಸಣ್ಣ ಗಂಟು. ಮೊದಲ ಐದು ದಿನ ಬೆಳ್ಳಗೇ ಇದ್ದವು. ಆರನೆಯದಕ್ಕೆ ಮೂರು. ಏಳಕ್ಕೆ ಒಂಬತ್ತು. ಆಮೇಲೆ ಹುರಿ ಕಪ್ಪಾಗುತ್ತ ಹೋಗಿ ಕೊನೆಯ ಗೇಣು ಪೂರ್ತಿ ಕಪ್ಪಾಗಿತ್ತು.

"ತಗೋ, ಇದು ನಿನಗಂತ ಮಾಡಿದ್ದು" ಅಂದ. "ಕಾಕಾ ಇದೊಂದ ಮಾತ ಸುಳ್ಳ ಬರದಾನ. ಬ್ಯಾರೇದ್ದೆಲ್ಲಾ ಖರೆ, ಇದ ಸುಳ್ಳ. ಹಂಗಂತ ಬರಕೋ. ಪುಸ್ತಕ ತಂದಿ ಅಲ್ಲಾ, ನನ್ನ ಮಾತಿಗೆ ಜಾಗಾ ಎಲ್ಲಿ ಬಿಟ್ಟಿ, ತೋರಸು."

ಅಪ್ಪ ಪೆದ್ದನಂತೆ ಪುಸ್ತಕವನ್ನು ನಂಬಿ ಕೆಟ್ಟ ಎಂದು ಅವಳು ಇಷ್ಟು ಹೊತ್ತು ತಿಳಿದಿದ್ದಳು. ನೋಡಿದರೆ ಇಡೀ ಕೆಲಸದಲ್ಲಿ ಪ್ರಾಮಾಣಿಕವಾಗಿ ಓದಿದವನು ಅವನೊಬ್ಬನೇ. ವಿಭಾಗದ ಆ ಎರಡು ಕೋಣೆಯಲ್ಲಿ ಯಾರೂ, ಬರೆದ ಒಂದು ಮಾತು ನಿಜವೋ ಸುಳ್ಳೋ ಎಂದು ತಿಳಿಯಲು ಮನೆಮಾರು ಪಣಕ್ಕಿಟ್ಟವರಿರಲಿಲ್ಲ. ಅವಳಂತೂ ಇಟ್ಟಿರಲಿಲ್ಲ. ಅವಳು ಒಂದು ಫೋನನ್ನೂ ಮಾಡಿರಲಿಲ್ಲ.

ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅವಳ ಚೀಲ ಬಿಚ್ಚಿ ಪುಸ್ತಕ ತೆಗೆದ. ಕೆಂಪು ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹೊಲಿಗೆ ಹಾಕಿದ ಮೇಲೆ ಹಾಳೆ ಸೇರಿಸುವುದು ಹೇಗೆ ಎಂದು ಚಿಂತೆಯಿಂದ ಕೇಳಿದ. ಆಮೇಲೆ, ತನ್ನ ಹೆಸರು ಇರುವ ಪುಟ ತೆಗೆದು ಸಿಡುಬಿನ ಸುದ್ದಿಯಲ್ಲಿ ಏನು ಬರೆದಿದ್ದೀ ಓದು ಅಂದ.

ಬರೆದದ್ದು ಇಂಗ್ಲಿಷಿನಲ್ಲಿ. ಓದುವಾಗ ಅವಳು ಏನು ಬೇಕಾದರೂ ಹೇಳಬಹುದಿತ್ತು. ಇಲ್ಲಿ ಜಾಗ ಬಿಟ್ಟಿದ್ದೇನೆ ಅಂದಿದ್ದರೆ ಅವನು ಹೂಂ ಅನ್ನುತ್ತಿದ್ದ. ಆ ಆಸೆ ಒಂದು ಗಳಿಗೆ ಅವಳ ಮನಸ್ಸಿನಲ್ಲಿ ನಿಂತಿತ್ತು, ನಿಲ್ಲಲಿಲ್ಲ ಅಂದರೆ ಸುಳ್ಳಾದೀತು. ನೂರಾ ಹನ್ನೆರಡನೆಯ ಪುಟ ತೆರೆದಾಗ ಅಪ್ಪನ ಹುರಿ ಅವಳ ಮುಂಗೈಗೆ ಸುತ್ತಿಕೊಂಡಿತ್ತು.

"'ಈ ಉಪಾಯ ಖರೆ ಐತಿ, ನಾ ಕಣ್ಣಾರೆ ಕಂಡೇನಿ, ಅಂತ ಕುಬಿಹಾಳದ ಭರಮಪ್ಪ ಹೇಳತಾನ'" ಎಂದು ಓದಿದಳು.

ಹಟ್ಟಿಯೊಳಗೆ ಒಂದು ಕುರಿ ಕೆಮ್ಮಿತು. ಭರಮಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದ, ಇನ್ನೂ ಏನೋ ಓದುವುದಿದೆ ಎನ್ನುವಂತೆ. ಓದುವುದು ಮುಗಿದಿತ್ತು.

"ನಾ ಹಂಗ ಹೇಳಿಲ್ಲಲ್ಲವಾ" ಅಂದ.

ಇಲ್ಲ ಅಂದಳು ಅವಳು. ನೀನು ಹೇಳಿಲ್ಲ, ನಾನೇ ಬರೆದೆ, ನೀನು ಹೇಳುತ್ತೀ ಎಂದುಕೊಂಡು ಬರೆದೆ, ಬರೆದ ಇನ್ನೊಂದು ಪ್ರತಿಯನ್ನು ಕೊಟ್ಟೂ ಆಗಿದೆ. ಸೋಮವಾರ ಮೇಡಂ ಮುಂದೆ, ಪರೀಕ್ಷೆ ಮಾಡುವವರ ಮುಂದೆ ಈ ಸಾಲು ಸುಳ್ಳು ಎಂದು ಹೇಳುತ್ತೇನೆ, ಈ ಹುರಿಯನ್ನೇ ತೋರಿಸುತ್ತೇನೆ. ಹೀಗೆಲ್ಲ ಒಂದೇ ಉಸಿರಿಗೆ ಹೇಳಿದಳು. ಹಾಗೆ ಹೇಳಿದರೆ ಬರವಣಿಗೆ ಬೀಳುತ್ತದೆ ಅಂದಿದ್ದೆಯಲ್ಲ ಎಂದು ಅವನು ನೆನಪಿಸಿದ. ಬೀಳಲಿ ಅಂದಳು. ಸೀಟು ಹೋಗಲಿ, ಲ್ಯಾಟಿನ್ನೂ ಹೋಗಲಿ ಅಂದಳು. ಅವನು ಬೈಯಲಿ ಎಂದು ಅವಳು ಕಾಯುತ್ತಿದ್ದಳು. ಎರಡು ಏಟು ಹಾಕಿದ್ದರೂ ಬದುಕಿದೆ ಅನ್ನುತ್ತಿದ್ದಳು.

ಭರಮಪ್ಪ ಬೈಯಲಿಲ್ಲ. ಕೈ ಚಾಚಿ ಅವಳ ಮುಂಗೈಯಿಂದ ಹುರಿಯನ್ನು ಬಿಚ್ಚಿಕೊಂಡ.

"ಯಾವತ್ತ ಕೊಟ್ಟಿ ಪುಸ್ತಕ?"

"ನೀ ಫೋನ ಮಾಡಬ್ಯಾಡ ಅಂದಿ ಅಲ್ಲ, ಆ ಐತವಾರ. ಅದರ ಮುಂದಿನ ಶುಕ್ರವಾರ."

ಅವನು ಹುರಿಯ ತುದಿಯಿಂದ ಹೆಬ್ಬೆರಳು ಸರಿಸುತ್ತ ಬಂದ. ಐತವಾರ, ಸೋಮವಾರ, ಮಂಗಳವಾರ ಎಂದು ಬಾಯೊಳಗೇ ಅನ್ನುತ್ತ ಬಿಳಿ ಗಂಟುಗಳನ್ನು ದಾಟಿದ. ಆರನೆಯ ಗಂಟಿಗೆ ಬೆರಳು ನಿಂತಿತು. ಅದರ ಮಗ್ಗುಲಲ್ಲಿ ಮೂರು ಕರಿ ಗಂಟು ಇದ್ದವು.

"ಅವತ್ತ ಮೂರು ಮರಿ ಕಣ್ಣಾಗ ನೀರ ಇಳಿಸಿ ನಿಂತವು" ಅಂದ. "ಸಾಕಿದು ಅಂತ ಹಟ್ಟಿ ಕೀಳಾಕ ಹತ್ತಿದ್ದೆ. ಎರಡ ಬಲೆ ಕಿತ್ತಿದ್ದೆ, ಯವ್ವಾ. ಆಮ್ಯಾಲ ನೀ ಅಲ್ಲಿ ಬರವಣಿಗಿ ನಿಲ್ಲಿಸಿ ನನ್ನ ಮಾತಿಗೆ ಕಾಯಾಕತ್ತಿರತಿ ಅಂತ ಮತ್ತ ಹಾಕಿದೆ."

ಒಳಗಿಂದ ಡಾಕ್ಟರು, ಒಂದು ಕುರಿ ಹಿಡಿಯಲು ಬರ್ರಿ ಎಂದು ಕರೆದರು. ಭರಮಪ್ಪ ಹುರಿಯನ್ನು ಪುಸ್ತಕದ ಮೇಲಿಟ್ಟು ಎದ್ದು ಹೋದ.